ವಾರಿಜಕ್ಕನ ಹೌದು

ಸುಪ್ರೀತಾ ಮಲ್ಲಿಗೆ ಗಿಡದ ಮೇಲೆ ಬಾಗಿ, ಎಲೆಗಳನ್ನು ಎಡಗೈಯಿಂದ ಸರಿಸುತ್ತ ಮೊಗ್ಗು ಕೊಯ್ಯುತ್ತಿದ್ದಳು. ಬೆಳಕು ಇನ್ನೂ ಪೂರ್ತಿ ಬಂದಿರಲಿಲ್ಲ. ಇಬ್ಬನಿಗೆ ಒದ್ದೆಯಾದ ರವಿಕೆಯ ತೋಳು ಮೊಣಕೈಗೆ ಅಂಟಿಕೊಂಡಿತ್ತು. ಸೊಂಟಕ್ಕೆ ಕಟ್ಟಿದ ಬಟ್ಟೆಯ ಚೀಲ ತುಂಬಿದಾಗ ಬುಟ್ಟಿಗೆ ಸುರಿಯುವಳು, ಮತ್ತೆ ಮುಂದಿನ ಗಿಡಕ್ಕೆ ಹೋಗುವಳು. ದಿನವೂ ಪಕ್ಕದ ಸಾಲಿನಿಂದ ಇನ್ನೊಬ್ಬರು ಎಲೆ ಸರಿಸುವ ಸದ್ದು ಕೇಳಿಸುತ್ತಿತ್ತು. ಇಂದು ಇರಲಿಲ್ಲ.

ಆ ಇನ್ನೊಬ್ಬರು, ಅವಳ ಅತ್ತೆ ವಾರಿಜಕ್ಕ, ನಡುಮನೆಯಲ್ಲಿ ಬಾಳೆಲೆಯ ಮೇಲೆ ಮಲಗಿದ್ದರು. ನಿನ್ನೆ ಹೂ ಕಟ್ಟಿ ಮುಗಿಸಿ ಎದ್ದವರು ಬಾವಿಕಟ್ಟೆಯ ಹತ್ತಿರ ಕುಸಿದಿದ್ದರು. ತಲೆಯ ಬಳಿ, ಕಾಲಿನ ಬಳಿ ತೆಂಗಿನಕಾಯಿಯ ಕಡಿಗಳಲ್ಲಿ ದೀಪ ಉರಿಯುತ್ತಿತ್ತು.

ಹಿಂಬಾಗಿಲಲ್ಲಿ ನಳಿನಿ ಕಾಣಿಸಿಕೊಂಡಳು. ವಾರಿಜಕ್ಕನ ಮಗಳು, ಕಾರ್ಕಳಕ್ಕೆ ಕೊಟ್ಟದ್ದು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಇವತ್ತೂ ಹೂ ಕೊಯ್ಯುವುದಾ ಸುಪ್ರೀತಾ? ಸೂತಕದ ಮನೆಯ ಹೂ ಯಾರು ತಗೊಳ್ತಾರೆ?"

ಸುಪ್ರೀತಾ ಕೈ ನಿಲ್ಲಿಸಲಿಲ್ಲ.

"ಜನ ಬರುವ ಹೊತ್ತು. ಅತ್ತೆ ಹೋದ ಮರುದಿನವೇ ವ್ಯಾಪಾರಕ್ಕೆ ಇಳಿದಳು ಅಂತ ಹೇಳುದಿಲ್ವಾ?"

"ನಮ್ಮ ನಂದುಗೆ, ಅಕ್ಕ," ಎಂದಳು ಸುಪ್ರೀತಾ. ಇನ್ನೂ ಹೇಳಲಿಕ್ಕಿತ್ತು. ಅಷ್ಟರಲ್ಲಿ ನಳಿನಿ ಒಳಗೆ ಹೋಗಿಯಾಗಿತ್ತು.

ಜಗಲಿಯ ಮೂಲೆಯಲ್ಲಿ, ಅಜ್ಜಿಯ ಚಾಪೆಯ ಅಂಚಿನಲ್ಲಿ ನಂದನ ಆಗಲೇ ಬಂದು ಕುಳಿತಿದ್ದ. ಸುಪ್ರೀತಾಳ ಒಬ್ಬನೇ ಮಗ. ನಾಲ್ಕು ವರ್ಷ ದಾಟಿತ್ತು, ಬಾಯಿಂದ ಇನ್ನೂ ಒಂದು ಮಾತು ಬಂದಿರಲಿಲ್ಲ. ಬೆಳಗಾಗುವಾಗ ಹೂವಿನ ಬುಟ್ಟಿ ಅವನ ಎದುರು ಇರಬೇಕು. ಇಲ್ಲದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಅವಳು ಬುಟ್ಟಿ ಇಟ್ಟಳು. ಅವನು ಒಂದು ಮೊಗ್ಗು ತೆಗೆದು, ತೊಟ್ಟು ತನ್ನ ಕಡೆಗೆ ಬರುವಂತೆ ಚಾಪೆಯ ಮೇಲಿಟ್ಟ. ಅದರ ಪಕ್ಕಕ್ಕೆ ಇನ್ನೊಂದು. ಒಳಗೆ ಅಳು ಜೋರಾದರೂ ತಲೆ ಎತ್ತಲಿಲ್ಲ.

ಇವತ್ತು ಮಂಗಳವಾರ. ಗುರುವಾರ ಇವನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರು ದಿನ ಕೊಟ್ಟಿದ್ದರು. ಈ ದಿನ ತಪ್ಪಿದರೆ ಮುಂದಿನದು ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದು ಮೊದಲೇ ಹೇಳಿದ್ದರು. ಇದನ್ನು ಗಂಡನಿಗೆ ನೆನಪಿಸಬೇಕು ಎಂದು ರಾತ್ರಿಯಿಂದ ಅಂದುಕೊಳ್ಳುತ್ತಿದ್ದಳು. ಹೆಣದ ಎದುರು ಅಂಥ ಮಾತನ್ನು ಯಾವ ಹೊತ್ತಿನಲ್ಲಿ ಆಡುವುದೆಂದು ಅವಳಿಗೆ ತಿಳಿಯಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿಯುವಾಗ ಕುರ್ಚಿಗಳು ತುಂಬಿದ್ದವು. ಡೆನಿಸ್ ಸ್ಕೂಟರನ್ನು ಗೇಟಿನ ಹೊರಗೇ ನಿಲ್ಲಿಸಿ ಒಳಗೆ ಬಂದ. ಶಂಕರಪುರದ ಮನೆಮನೆಗಳಿಂದ ಕಟ್ಟಿದ ಮಲ್ಲಿಗೆ ಸಂಗ್ರಹಿಸಿ ಪೇಟೆಗೆ ಮುಟ್ಟಿಸುವವನು ಅವನು. ಬೇರೊಂದು ಮನೆಯ ಮಾಲೆಯನ್ನು ವಾರಿಜಕ್ಕನ ಎದೆಯ ಮೇಲಿಟ್ಟು, ಶಿಲುಬೆಯ ಗುರುತು ಮಾಡಿಕೊಂಡು ಹೊರಗೆ ಬಂದು ಕುಳಿತ.

"ನೂರು ಮನೆಯ ಹೂವಿನಲ್ಲಿ ವಾರಿಜಕ್ಕ ಕಟ್ಟಿದ ಚೆಂಡು ಯಾವುದು ಅಂತ ನಾನು ಕಣ್ಣು ಮುಚ್ಚಿ ಹೇಳ್ತಿದ್ದೆ," ಎಂದ. "ಗಂಟು ಮುಟ್ಟಿದರೆ ಸಾಕು. ಒಂದು ಮೊಗ್ಗು ಅಲ್ಲಾಡುದಿಲ್ಲ."

"ಬಾಯಿಯೂ ಹಾಗೇ. ಒಮ್ಮೆ ಹೇಳಿದ್ದು ಅಲ್ಲಾಡುದಿಲ್ಲ," ಎಂದರು ನೆರೆಮನೆಯ ಕುಸುಮಕ್ಕ. ಒಂದಿಬ್ಬರು ಮೆಲ್ಲಗೆ ನಕ್ಕರು.

"ನನ್ನ ತಾಯಿಯೂ ನನಗೆ ಅಷ್ಟು ಬೈದಿಲ್ಲ ಮಾರಾಯ್ರೆ. ಸ್ವಲ್ಪ ತಡವಾದರೆ, ಎಂತ ಪೊರ್ಬುಗಳೇ, ಚರ್ಚಿನಲ್ಲೇ ನಿದ್ದೆ ಮಾಡಿದ್ರಾ ಅಂತ ಕೇಳುವುದು."

"ಬೈಯದೆ ಆಗ್ತದಾ?" ಎಂದರು ಕುಸುಮಕ್ಕ. "ಗಂಡ ಹೋಗುವಾಗ ಮಗ ಸುಕೇಶ ಎರಡನೇ ಕ್ಲಾಸು. ಎದೆನೋವು ಅಂತ ಮಣಿಪಾಲಕ್ಕೆ ಕರ್ಕೊಂಡು ಹೋದದ್ದು, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದದ್ದು. ಆ ಮೇಲೆ ಆ ದಿಕ್ಕಿಗೆ ತಲೆ ಹಾಕಿ ಮಲಗಿದವರಲ್ಲ ಇವರು. ಈ ಗಿಡಗಳ ಮೇಲೆಯೇ ಎರಡು ಮಕ್ಕಳನ್ನು ಸಾಕಿದ್ದು."

"ನಿನ್ನೆ ಕಡೆಗೂ ಅಲ್ಲಿಗೇ ಕರ್ಕೊಂಡು ಹೋದರಲ್ಲ."

"ಮುಟ್ಟಲಿಲ್ಲ. ಉಡುಪಿ ದಾಟುವಾಗಲೇ ಹೋಗಿದ್ದರಂತೆ. ಹಟ ಬಿಡಲಿಲ್ಲ ನೋಡಿ."

ಡೆನಿಸ್‌ನ ಕಣ್ಣು ನಂದನನ ಎದುರಿನ ಬುಟ್ಟಿಯ ಮೇಲೆ ಬಿತ್ತು. "ಮಗಳೇ, ಇವತ್ತು ನಾನು ತಗೊಳ್ಲಿಕ್ಕೆ ಆಗುದಿಲ್ಲ. ದೇವಸ್ಥಾನಕ್ಕೆ ಹೋಗುವ ಹೂ. ನನಗೆಂತ ಇಲ್ಲ, ಆದರೆ ಸೂತಕ ಅಲ್ವಾ?"

"ಮಾರಲಿಕ್ಕೆ ಅಲ್ಲ ಡೆನಿಸಣ್ಣ."

"ಮತ್ತೆ ಎಂತಕ್ಕೆ?"

"ಸುಪ್ರೀತಾ, ಬಂದವರಿಗೆ ನೀರು ಕೊಟ್ಟಾಯ್ತಾ?" ನಳಿನಿಯ ಸ್ವರ ಒಳಗಿನಿಂದ ಬಂತು. ಸುಪ್ರೀತಾ ತಂಬಿಗೆ ತರಲು ಹೋದಳು.

ಸುಪ್ರೀತಾಳ ಗಂಡ ಸುಕೇಶ ಗೇಟಿನ ಬಳಿ ಫೋನು ಹಿಡಿದು ನಿಂತಿದ್ದ. ಆದಿ ಉಡುಪಿಯ ಮಾರುಕಟ್ಟೆಗೆ ತರಕಾರಿ ಸಾಗಿಸುವ ಟೆಂಪೊ ಅವನದು. ಅದು ರಸ್ತೆಬದಿಯಲ್ಲಿ ಖಾಲಿ ನಿಂತಿತ್ತು. ನೀರು ಕೊಡುವ ನೆಪದಲ್ಲಿ ಅವಳು ಹತ್ತಿರ ಹೋದಳು.

"ಗುರುವಾರದ್ದು," ಎಂದಳು.

"ಸೌದೆಯವನು ಫೋನು ಎತ್ತುದಿಲ್ಲ," ಎಂದ ಸುಕೇಶ. ನೀರು ಕುಡಿದು ತಂಬಿಗೆ ಅವಳ ಕೈಗಿಟ್ಟ. "ಒಳಗೆ ಅಕ್ಕ ಕರೀತಾಳೆ ನೋಡು."

* * *

ಮೊದಲ ಸಲ ಪ್ರಶ್ನೆ ಕೇಳಲು ಬಂದವರು ಅಂಗನವಾಡಿಯ ಗ್ಲಾಡಿಸ್ ಟೀಚರ್. ನಂದನನಿಗೆ ಆಗ ಎರಡೂವರೆ. ಮಕ್ಕಳ ಮಾತು, ನಡಿಗೆ, ಆಟ ವಯಸ್ಸಿಗೆ ಸರಿಯಾಗಿ ಉಂಟಾ ಎಂದು ಮನೆಯವರನ್ನು ಕೇಳಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವ ಕೆಲಸ. ವಾರಿಜಕ್ಕ ಚಾಪೆಯ ಮೇಲೆ ಕುಳಿತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಉತ್ತರ ಹೇಳುವಾಗಲೂ ಕೈ ನಿಲ್ಲಲಿಲ್ಲ.

"ಮಗು ತನಗೆ ಬೇಕಾದ್ದನ್ನು ಕೇಳ್ತದಾ ವಾರಿಜಕ್ಕ?"

"ಕೇಳ್ತಾನೆ."

"ಹೇಗೆ ಕೇಳ್ತಾನೆ?"

"ನನಗೆ ಗೊತ್ತಾಗ್ತದೆ."

ಟೀಚರ್ ಹೌದು ಎಂದು ಗುರುತು ಹಾಕಿದರು.

"ಎರಡು ಶಬ್ದ ಸೇರಿಸಿ ಹೇಳ್ತದಾ? ಅಮ್ಮ ಬಾ, ನೀರು ಕೊಡು, ಹೀಗೆ?"

"ಇವನ ಅಪ್ಪ ಬಾಯಿ ಬಿಟ್ಟದ್ದು ಐದಕ್ಕೆ. ಈಗ ಟೆಂಪೊದಲ್ಲಿ ಕೂತು ಅವನು ಬೈಯುವುದು ಕೇಳಿದ್ದೀರಾ? ಹೌದು ಬರೀರಿ."

ಗ್ಲಾಡಿಸ್ ಟೀಚರ್ ನಗುತ್ತ ಬರೆದರು. ಅಷ್ಟರಲ್ಲಿ ನಂದನ ಹಿಂಗೈಯಿಂದ ಅಜ್ಜಿಯ ಮೊಣಕಾಲಿಗೆ ಎರಡು ಸಲ ತಟ್ಟಿದ. ವಾರಿಜಕ್ಕ ನೋಡದೆಯೇ ಪಕ್ಕದ ಲೋಟ ಎತ್ತಿ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿದ. ಈ ಸಲ ಬೆಲ್ಲದ ಚೂರು ಬಾಯಿಗಿಟ್ಟರು. ಮೂರನೇ ಸಲ ತಟ್ಟಿದಾಗ ನಾರು ಕೆಳಗಿಟ್ಟು ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಬಾಗಿಲ ಮರೆಯಲ್ಲಿ ಟೀ ಹಿಡಿದು ನಿಂತಿದ್ದ ಸುಪ್ರೀತಾ ಮೂರನ್ನೂ ನೋಡಿದಳು. ತಟ್ಟಿದ್ದು ಮೂರೂ ಸಲ ಒಂದೇ ತರ. ಯಾವುದು ನೀರಿಗೆ, ಯಾವುದು ಬೆಲ್ಲಕ್ಕೆ ಎಂದು ಅತ್ತೆಗೆ ಹೇಗೆ ತಿಳಿಯಿತು ಎಂಬುದು ಅವಳಿಗೆ ಅಂದೂ ಅರ್ಥವಾಗಲಿಲ್ಲ, ಆ ಮೇಲೂ ಆಗಲಿಲ್ಲ.

"ವಸ್ತುಗಳನ್ನು ಸಾಲಾಗಿ ಇಡುತ್ತದಾ ಅಂತ ಒಂದು ಉಂಟು," ಎಂದರು ಟೀಚರ್, ಅತ್ತೆ ಮರಳಿ ಕುಳಿತ ಮೇಲೆ.

ಇಬ್ಬರೂ ಚಾಪೆಯತ್ತ ನೋಡಿ ನಕ್ಕುಬಿಟ್ಟರು. ಮೊಗ್ಗುಗಳು ಚಾಪೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತಿದ್ದವು. ಅವನು ನಾಲ್ಕು ನಾಲ್ಕಾಗಿ ಎತ್ತಿ, ತೊಟ್ಟು ಮುಂದೆ ಮಾಡಿ ಅಜ್ಜಿಯ ಕೈಗೆ ಕೊಡುತ್ತಿದ್ದ. ಅವರು ಎರಡು ಅತ್ತ, ಎರಡು ಇತ್ತ ಇಟ್ಟು ಗಂಟು ಹಾಕಿ ಮತ್ತೆ ಅಂಗೈ ಚಾಚುತ್ತಿದ್ದರು.

"ನನ್ನ ದೊಡ್ಡ ಮಗಳಿಗೆ ಇನ್ನೂ ಹೀಗೆ ಇಡ್ಲಿಕ್ಕೆ ಬರುದಿಲ್ಲ," ಎಂದರು ಗ್ಲಾಡಿಸ್ ಟೀಚರ್. ಅವರದೂ ಹೂವಿನ ಮನೆ. "ಇದಕ್ಕೆ ಎರಡು ಹೌದು ಹಾಕ್ಬೇಕು."

"ಟೀಚರ್," ಎಂದಳು ಸುಪ್ರೀತಾ.

ಇಬ್ಬರೂ ತಿರುಗಿ ನೋಡಿದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ನಾಲ್ಕು ಜನರ ಎದುರು ಬಾಯಿ ತೆರೆದರೆ ಮುಂದಿನ ಮಾತು ಮರೆತುಹೋಗುತ್ತಿತ್ತು.

"ಟೀ ಆರ್ತದೆ," ಎಂದರು ವಾರಿಜಕ್ಕ. "ಕೊಡು."

* * *

ಮನೆಯವರು ಒಬ್ಬೊಬ್ಬರಾಗಿ ತುಳಸಿ ಎಲೆಯಿಂದ ವಾರಿಜಕ್ಕನ ಬಾಯಿಗೆ ನೀರು ಬಿಟ್ಟರು. ಸುಕೇಶ ಬಿಟ್ಟ. ನಳಿನಿ ಬಿಟ್ಟಳು. "ಮೊಮ್ಮಗನನ್ನು ಕರ್ಕೊಂಡು ಬನ್ನಿ," ಎಂದು ಯಾರೋ ಹೇಳಿದರು.

ಸುಪ್ರೀತಾ ಅವನನ್ನು ಎತ್ತಿಕೊಂಡು ಬಂದಳು. ಅವನ ಕೈಗೆ ತುಳಸಿ ಕೊಟ್ಟರು. ಅವನು ಅದನ್ನು ಬಿಟ್ಟು, ಮುಂದೆ ಬಾಗಿ ಅಜ್ಜಿಯ ಎದೆಯ ಮೇಲೆ ಕೈ ಹಾಕಿ ಎಳೆಯತೊಡಗಿದ.

"ಅಯ್ಯೋ ಪಾಪ, ಅಜ್ಜಿಯನ್ನು ಎಬ್ಬಿಸ್ತಾನೆ," ಎಂದರು ಕುಸುಮಕ್ಕ. ಹೆಂಗಸರೆಲ್ಲ ಒಮ್ಮೆಲೇ ಅತ್ತರು.

"ಇವನಿಗೆ ಎಂತದೂ ಗೊತ್ತಾಗುದಿಲ್ಲ ಹೇಳುವವರು ನೋಡ್ಲಿ," ಎಂದು ನಳಿನಿ ಅವನನ್ನು ಬಾಚಿ ಎದೆಗೊತ್ತಿಕೊಂಡಳು. ಅವನು ಮೈ ಸೆಟೆಸಿ ಕಿರುಚಿದ. ಅವಳು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಡೆನಿಸ್ ತಂದ ಮಾಲೆಯಲ್ಲಿ ಒಂದು ಮೊಗ್ಗು ತಿರುಗುಮುರುಗಾಗಿತ್ತು. ನಂದನ ಎಳೆದದ್ದು ಅದನ್ನು. ಅಜ್ಜಿಯ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಅವರು ಇದ್ದಾಗಲೂ ನೋಡುತ್ತಿರಲಿಲ್ಲ. ಸುಪ್ರೀತಾ ಬಾಗಿ ಆ ಮೊಗ್ಗನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ಕಿರುಚಾಟ ನಿಂತಿತು.

"ನೋಡಿದ್ರಾ, ಸೋದರತ್ತೆಯ ಎದೆಯಲ್ಲಿ ಸಮಾಧಾನ ಆಯ್ತು," ಎಂದಳು ನಳಿನಿ.

ಹೆಣ ಎತ್ತುವ ಸ್ವಲ್ಪ ಮೊದಲು ಗ್ಲಾಡಿಸ್ ಟೀಚರ್ ಬಂದರು. ಕೈ ಮುಗಿದು ಹೊರಬಂದಾಗ ಸುಪ್ರೀತಾ ಅವರನ್ನು ಬಚ್ಚಲುಮನೆಯ ಬದಿಗೆ ಕರೆದಳು.

"ಗುರುವಾರದ್ದು ನಮ್ಮ ಇವರಿಗೆ ನೀವೊಮ್ಮೆ ಹೇಳಿ ಟೀಚರ್. ನೀವು ಹೇಳಿದರೆ ಕೇಳ್ತಾರೆ."

"ಇವತ್ತಾ? ಹೆಣ ಒಳಗೆ ಉಂಟು ಮಾರಾಯ್ತಿ."

"ನಾಳೆ ಹೇಳಿದರೆ ತಡ ಆಗ್ತದೆ."

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಮನಸ್ಸಿಲ್ಲ ಅಂತ ಅಲ್ಲ. ನಾನೇ ಹೌದು ಹೌದು ಅಂತ ಬರೆದದ್ದಲ್ವಾ? ಈಗ ನಾನೇ ಹೋಗಿ ಬೇರೆ ಹೇಳಿದರೆ ಊರಲ್ಲಿ ನಾಳೆ ಯಾರು ನನಗೆ ಬಾಗಿಲು ತೆಗೀತಾರೆ? ಬೊಜ್ಜ, ಉತ್ತರಕ್ರಿಯೆ ಎಲ್ಲ ಆಗ್ಲಿ. ಆ ಮೇಲೆ ಇನ್ನೊಂದು ದಿನ ಕೇಳುವಾ."

* * *

ಮಣಿಪಾಲದಲ್ಲಿ ಓದುವ ಹುಡುಗಿಯರು ಮಕ್ಕಳನ್ನು ನೋಡಲು ಅಂಗನವಾಡಿಗೆ ಬಂದದ್ದು ಕಳೆದ ವಾರ ಒಂದು ಬೆಳಿಗ್ಗೆ, ಡೆನಿಸ್ ಬರುವ ಹೊತ್ತು. ಹೂ ಬಿಟ್ಟು ಏಳುವ ಹಾಗಿರಲಿಲ್ಲವಾದ್ದರಿಂದ ವಾರಿಜಕ್ಕ ಸೊಸೆಯನ್ನೇ ಕಳಿಸಿದ್ದರು. ಮೇಧಾ ಎಂಬ ಹುಡುಗಿ ಎದುರು ಕುಳಿತು, ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ಕೇಳಿದಳು. ಸುಪ್ರೀತಾಳನ್ನು ನೋಡಿಯೇ ಕೇಳಿದಳು.

"ಹೆಸರು ಕರೆದರೆ ತಿರುಗಿ ನೋಡ್ತಾನಾ?"

"ಇಲ್ಲ."

"ಬೇಕಾದ್ದಕ್ಕೆ ಬೆರಳು ತೋರಿಸ್ತಾನಾ?"

"ಇಲ್ಲ."

ಪ್ರತಿ ಇಲ್ಲಕ್ಕೂ ಅವಳಿಗೆ ಮಗನ ಮೇಲೆ ಚಾಡಿ ಹೇಳಿದಂತೆ ಅನಿಸುತ್ತಿತ್ತು. ನಂದನ ನೆಲದಲ್ಲಿ ಅಂಗನವಾಡಿಯ ಚಪ್ಪಲಿಗಳನ್ನೆಲ್ಲ ಸಾಲಾಗಿ ಇಡುತ್ತಿದ್ದ.

"ಏನಾದರೂ ಬೇಕಾದಾಗ ನಿಮ್ಮ ಹತ್ತಿರ ಬಂದು ಹೇಗೆ ಕೇಳ್ತಾನೆ?"

"ನನ್ನ ಹತ್ತಿರ ಬರುದಿಲ್ಲ," ಎಂದಳು ಸುಪ್ರೀತಾ. ಆ ಮಾತು ಗಟ್ಟಿಯಾಗಿ ಹೊರಬಂದದ್ದು ಅದೇ ಮೊದಲು. "ಅಜ್ಜಿಯ ಹತ್ತಿರ ಹೋಗ್ತಾನೆ. ಮೊಣಕಾಲಿಗೆ ತಟ್ತಾನೆ. ಎಲ್ಲದಕ್ಕೂ ಅಷ್ಟೇ."

"ಅವರಿಗೆ ಅರ್ಥ ಆಗ್ತದಾ?"

"ಆಗ್ತದೆ. ಹೇಗೆ ಅಂತ ನನಗೆ ಗೊತ್ತಿಲ್ಲ."

"ವಸ್ತುಗಳನ್ನು ಸಾಲಾಗಿ ಇಡುವುದು?"

"ಅದರಲ್ಲಿ ಅವನೇ ಫಸ್ಟ್ ಮೇಡಂ," ಎಂದರು ಹಿಂದೆ ನಿಂತಿದ್ದ ಗ್ಲಾಡಿಸ್ ಟೀಚರ್.

"ಸಾಲು ಕೆಡಿಸಿದರೆ?"

"ತಲೆ ಚಚ್ಚಿಕೊಳ್ತಾನೆ," ಎಂದಳು ಸುಪ್ರೀತಾ.

ಮೇಧಾ ಬರೆಯುವುದನ್ನು ನಿಲ್ಲಿಸಿದಳು. "ಟೀಚರ್, ಇದು ಜಾಣತನಕ್ಕೆ ಕೇಳುವ ಪ್ರಶ್ನೆ ಅಲ್ಲ."

"ಹೂವಿನ ಮನೆ ಮೇಡಂ. ನಮ್ಮಲ್ಲಿ ಎಲ್ಲ ಮಕ್ಕಳೂ ಇಡ್ತಾರೆ."

"ಅವರು ಬೇಜಾರಾದರೆ ಎದ್ದು ಆಡ್ಲಿಕ್ಕೆ ಹೋಗ್ತಾರಲ್ವಾ?"

ಗ್ಲಾಡಿಸ್ ಟೀಚರ್ ಚಪ್ಪಲಿಯ ಸಾಲನ್ನು ನೋಡಿದರು.

ಮೇಧಾ ಫೋನು ಮಾಡಿ ದಿನ ಗೊತ್ತು ಮಾಡಿಕೊಟ್ಟಳು. "ಬರುವಾಗ ಅಜ್ಜಿಯನ್ನು ಖಂಡಿತ ಕರ್ಕೊಂಡು ಬನ್ನಿ," ಎಂದಳು. "ಇವನ ಬಗ್ಗೆ ಅವರೇ ಹೇಳಬೇಕು."

ಮನೆಗೆ ಬಂದು ಸುಪ್ರೀತಾ ಎಲ್ಲವನ್ನೂ ಹೇಳಿದಳು, ಸಾಲಿನ ವಿಷಯವನ್ನೂ. ವಾರಿಜಕ್ಕ ನಾರು ಸೀಳುತ್ತಿದ್ದರು. "ಹೌದಾ," ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅವಳು ಕಂಡಳು. ನಂದನ ಸಾಲು ಇಟ್ಟು ಮುಗಿಸಿದ್ದ. ವಾರಿಜಕ್ಕ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಂಗೈಯಿಂದ ಸಾಲನ್ನು ಒಮ್ಮೆ ಸವರಿ ಚೆದುರಿಸಿದರು. ಅವನು ಗೊರ ಗೊರ ಎನ್ನುತ್ತ ಮತ್ತೆ ಇಟ್ಟ. ಅವರು ಮತ್ತೆ ಚೆದುರಿಸಿದರು. "ಬೇಡ ಮಗಾ. ಹೀಗೆ ಇಡ್ಬೇಡ. ಹೇಗೆ ಹೇಗೋ ಇಡು," ಎಂದರು ಪಿಸುದನಿಯಲ್ಲಿ. ಅವನು ಗೋಡೆಗೆ ತಲೆ ಬಡಿದ. ಆಗ ಅವರು ಅವನ ಹಣೆಗೆ ತಮ್ಮ ಅಂಗೈ ಅಡ್ಡ ಹಿಡಿದರು. ಅವನು ಆ ಅಂಗೈಗೇ ಬಡಿಯುತ್ತ ಬಡಿಯುತ್ತ ಸುಸ್ತಾದ ಮೇಲೆ, ಚೆಲ್ಲಿದ ಮೊಗ್ಗುಗಳನ್ನು ಒಂದೊಂದಾಗಿ ಆಯ್ದು, ತೊಟ್ಟು ಅವನ ಕಡೆಗೆ ಮಾಡಿ, ತಾವೇ ಸಾಲಾಗಿ ಇಟ್ಟುಕೊಟ್ಟರು. ಅಂದು ಡೆನಿಸ್ ಬಂದಾಗ ಹೂ ಅರ್ಧವೂ ಕಟ್ಟಿ ಆಗಿರಲಿಲ್ಲ.

ಸಂಜೆ ಮಗನನ್ನೂ ಸೊಸೆಯನ್ನೂ ಎದುರು ಕೂರಿಸಿ ಹೇಳಿದರು. "ಮಣಿಪಾಲ ಬೇಡ. ನಾನೂ ಬರುದಿಲ್ಲ, ಅವನನ್ನೂ ಕಳಿಸುದಿಲ್ಲ. ಇವಳು ಬರೇ ಇಲ್ಲ ಇಲ್ಲ ಅಂತ ಹೇಳಿ ಬಂದಿದ್ದಾಳೆ. ನಾನಿರುವವರೆಗೆ ಅವನಿಗೆ ಎಂತದೂ ಇಲ್ಲ ಅಂತ ಆಗುದಿಲ್ಲ."

ನೀವಿಲ್ಲದ ಮೇಲೆ ಏನು ಎಂದು ಸುಪ್ರೀತಾ ಕೇಳಲಿಲ್ಲ. ಅದಾಗಿ ಇನ್ನೂ ಒಂದು ವಾರ ಕಳೆದಿರಲಿಲ್ಲ.

* * *

ಗಂಡಸರು ಹೆಣ ಸುಟ್ಟು ಬಂದು ಮಿಂದರು. ನಳಿನಿ ಮನೆಯಿಡೀ ತೊಳೆಸಿದಳು. ತೀರಿಹೋದವರ ಬಟ್ಟೆ, ದಿಂಬು, ಚಾಪೆ ಎಲ್ಲ ಹೊರಗೆ ಹೋದವು. ಜಗಲಿಯ ಮೂಲೆಯಲ್ಲಿ ಒದ್ದೆ ನೆಲ ಮಾತ್ರ ಉಳಿಯಿತು. ನಂದನ ಅಲ್ಲೇ ಬುಟ್ಟಿ ಅಪ್ಪಿಕೊಂಡು ನಿಂತಿದ್ದ. ಮೊಗ್ಗುಗಳೆಲ್ಲ ಅರಳಿ ಕಂದತೊಡಗಿದ್ದವು. ನಾಲ್ಕನ್ನು ಎತ್ತಿ, ತೊಟ್ಟು ಮುಂದೆ ಮಾಡಿ ಚಾಪೆ ಇದ್ದ ಕಡೆಗೆ ಚಾಚಿದ. ಕಾದ. ಸುಪ್ರೀತಾ ಹೋಗಿ ಅಂಗೈ ಒಡ್ಡಿದಳು. ಅವನು ಕೈ ಹಿಂದೆಳೆದುಕೊಂಡ.

ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಹೋಗಿರಲಿಲ್ಲ.

ಕುಸುಮಕ್ಕನ ಮನೆಯಿಂದ ಗಂಜಿ, ಚಟ್ನಿ ಬಂತು. ಎಲ್ಲರೂ ನಡುಮನೆಯಲ್ಲಿ ಕುಳಿತರು. ಬೊಜ್ಜಕ್ಕೆ ಯಾರಿಗೆಲ್ಲ ಹೇಳಬೇಕು, ಕಾಪುವಿನ ನೆಂಟರಿಗೆ ಫೋನು ಸಾಕಾ ಎಂದು ಮಾತು ನಡೆದಿತ್ತು. ಸುಪ್ರೀತಾ ಬಡಿಸಿ ಮುಗಿಸಿ ಬಾಗಿಲ ಬಳಿ ಕುಳಿತಳು.

"ನಾಡಿದ್ದು ಗುರುವಾರ," ಎಂದಳು. "ನಂದುವನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು."

ಸುಕೇಶ ಗಂಜಿ ಕಲಸುತ್ತಲೇ ಇದ್ದ.

"ಸೂತಕದಲ್ಲಾ?" ಎಂದಳು ನಳಿನಿ.

"ಆಸ್ಪತ್ರೆಗೆ ಸೂತಕ ಇಲ್ಲ ಅಕ್ಕ."

"ಅಮ್ಮ ಬೇಡ ಹೇಳಿ ಹೋದದ್ದು ಅಲ್ವಾ? ಅವಳ ಬೂದಿ ಇನ್ನೂ ಬಿಸಿ ಉಂಟು. ಇಷ್ಟು ಬೇಗ ಅವಳ ಮಾತು ಮುರೀಬೇಕಾ ನಿನಗೆ? ಬೆಳಿಗ್ಗೆ ನೀನೇ ನೋಡಿದ್ದಿ, ಅಜ್ಜಿಯನ್ನು ಹೇಗೆ ಎಬ್ಬಿಸಿದ ಅಂತ. ಅವನಿಗೆ ಎಲ್ಲ ಗೊತ್ತಾಗ್ತದೆ."

"ಹೌದು ಮತ್ತೆ," ಎಂದರು ಕುಸುಮಕ್ಕ. "ಬೇಕಾದ್ದೆಲ್ಲ ಕೇಳ್ತಾನೆ, ವಾರಿಜಕ್ಕ ಯಾವಾಗಲೂ ಹೇಳ್ತಿದ್ರು."

"ನೀವು ಹೇಳಿ," ಎಂದಳು ಸುಪ್ರೀತಾ ಗಂಡನಿಗೆ.

"ಈಗ ಬೇಡ," ಎಂದ ಸುಕೇಶ. ಅವನ ಸ್ವರ ಒಡೆದಿತ್ತು. "ಎಲ್ಲರೂ ಹೌದು ಹೇಳುವಾಗ ನೀನೊಬ್ಬಳು ಎಂತಕ್ಕೆ..." ಎಂದು ಅಲ್ಲಿಗೇ ಬಿಟ್ಟ.

ಆಗ ಅವಳ ಮೊಣಕಾಲಿಗೆ ಏನೋ ತಗುಲಿತು.

ನಂದನ ಬಂದು ಪಕ್ಕದಲ್ಲಿ ನಿಂತಿದ್ದ. ಮುಖ ಗೋಡೆಯ ಕಡೆಗಿತ್ತು. ಹಿಂಗೈಯಿಂದ ಅವಳ ಮೊಣಕಾಲಿಗೆ ಎರಡು ಸಲ, ಮೆಲ್ಲಗೆ ತಟ್ಟಿದ. ಹುಟ್ಟಿದ ಮೇಲೆ ಇದೇ ಮೊದಲ ಸಲ.

ಅವಳು ನೀರಿನ ಲೋಟ ಹಿಡಿದಳು. ಅವನು ತುಟಿ ಬಿಗಿದ. ಗಂಜಿ ಹಿಡಿದಳು, ಬೇಡ. ಎದ್ದು ಹೋಗಿ ಬೆಲ್ಲ ತಂದಳು. ಅದು ಅವನ ಬೆರಳ ಸಂದಿಯಿಂದ ನೆಲಕ್ಕೆ ಬಿತ್ತು. ಹಿತ್ತಿಲಿಗೆ ಕರೆದುಕೊಂಡು ಹೋದಳು. ಸುಮ್ಮನೆ ನಿಂತು ಮರಳಿ ಬಂದ. ಅವಳು ಕುಳಿತ ಕೂಡಲೇ ಮತ್ತೆ ತಟ್ಟಿದ. ಅದೇ ತರ, ಎರಡು ಸಲ.

ಎಲ್ಲರೂ ನೋಡುತ್ತಿದ್ದರು.

"ಕೇಳ್ತಾ ಇದ್ದಾನೆ," ಎಂದಳು ಸುಪ್ರೀತಾ. ಅವಳ ಸ್ವರ ಎತ್ತರವಾಗಲಿಲ್ಲ. "ಅವನಿಗೆ ಎಂತ ಬೇಕು ಅಂತ ಯಾರಾದರೂ ಒಬ್ಬರು ನನಗೆ ಹೇಳಿ."

ಗಂಜಿಯ ಬಟ್ಟಲುಗಳ ಮೇಲೆ ಕೈಗಳು ನಿಂತಲ್ಲೇ ನಿಂತವು. ನಂದನ ಹಿಂಗೈಯನ್ನು ಅವಳ ಮೊಣಕಾಲಿನಿಂದ ತೆಗೆಯದೆ, ಗೋಡೆ ನೋಡುತ್ತ, ಕಾಯುತ್ತಿದ್ದ.